ಅಡ್ವಾನ್ಸ್ ಹಾಕುವ ಮೊದಲು ಆರ್ಕಿಟೆಕ್ಟ್ ಅಗ್ರಿಮೆಂಟ್ ನೋಡು

ಪುಟ್ಟಾ, ನಿನ್ನ ಮೆಸೇಜು ನೋಡಿದೆ. ಮೈಸೂರಿನ 40×60 ಸೈಟಿಗೆ ಆರ್ಕಿಟೆಕ್ಟ್ ಸಿಕ್ಕಿದ್ದಾರೆ, ಚದರ ಅಡಿಗೆ ಇಷ್ಟು ಅಂತ ವಾಟ್ಸಾಪಿನಲ್ಲೇ ಕೊಟೇಶನ್ ಕಳಿಸಿದ್ದಾರೆ, ಅರ್ಧ ದುಡ್ಡು ಅಡ್ವಾನ್ಸ್ ಕೇಳುತ್ತಿದ್ದಾರೆ. "ಒಳ್ಳೆಯವರ ಥರ ಕಾಣುತ್ತಾರೆ ಚಿಕ್ಕಮ್ಮ, ಅಗ್ರಿಮೆಂಟ್ ಬೇಕೇಬೇಕಾ?" ಅಂತ ಕೇಳಿದ್ದೀಯ. ಬೇಕೇಬೇಕು. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು. ಗ್ರೂಪಿನಲ್ಲೇ ಹೇಳುತ್ತೇನೆ, ಭಾವನೂ ಹಳೇ ಮನೆ ಕೆಡವಿ ಕಟ್ಟಿಸಬೇಕು ಅಂತಿದ್ದಾರಲ್ಲ, ಅವರಿಗೂ ಆಗುತ್ತದೆ.

ನಾನು ಇಷ್ಟು ವರ್ಷ ಸೈಟುಗಳಲ್ಲಿ ಬಿಲ್ಲಿಂಗ್ ಕೆಲಸ ಮಾಡಿದವಳು. ಮನೆ ಕಟ್ಟಿಸುವವರು ಕಂಟ್ರಾಕ್ಟರ್ ಜೊತೆ ಜಗಳ ಆಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲರೂ ಬೈಯುವುದು ಕಂಟ್ರಾಕ್ಟರನ್ನೇ. ಆದರೆ ಬಿಲ್ಲು ಹಿಡಿದು ಹಿಂದೆ ಹಿಂದೆ ಹೋದರೆ, ಗಲಾಟೆ ಶುರುವಾದದ್ದು ಆರ್ಕಿಟೆಕ್ಟ್ ಜೊತೆ ಏನೂ ಬರೆದುಕೊಳ್ಳದೆ ದುಡ್ಡು ಕೊಟ್ಟ ದಿನ. ಯಾವ ಡ್ರಾಯಿಂಗ್ ಯಾವಾಗ ಬರಬೇಕು ಅಂತ ಎಲ್ಲೂ ಇರುವುದಿಲ್ಲ. ಡ್ರಾಯಿಂಗ್ ಬರದಿದ್ದರೆ ಮೇಸ್ತ್ರಿ ತನಗೆ ತಿಳಿದ ಹಾಗೆ ಕಟ್ಟುತ್ತಾನೆ. ಅವನದು ತಪ್ಪು ಅನ್ನುವ ಹಾಗೂ ಇಲ್ಲ, ಕೂಲಿಯವರನ್ನು ಸುಮ್ನೆ ಕೂರಿಸಲು ಆಗುತ್ತದಾ?

ನಾನು ಬಿಲ್ಲು ನೋಡುತ್ತಿದ್ದ ಒಂದು ಮನೆಯದ್ದು ಹೇಳುತ್ತೇನೆ. ಹೆಸರು, ಊರು ಬೇಡ. ಪ್ಲಾನ್ ಅಪ್ರೂವಲ್ ಆಗುವ ಹೊತ್ತಿಗೆ ಆರ್ಕಿಟೆಕ್ಟ್ ಫೀಸು ಬಹುಪಾಲು ಕೊಟ್ಟಾಗಿತ್ತು. ಗುದ್ದಲಿ ಪೂಜೆಗೆ ಮುಹೂರ್ತ ಬಂತು ಅಂತ ಅಪ್ರೂವಲ್ ಡ್ರಾಯಿಂಗ್ ಇಟ್ಟುಕೊಂಡೇ ಕೆಲಸ ಶುರು ಮಾಡಿದರು. ಪಾಯದ ಡ್ರಾಯಿಂಗ್ ಬಂತು, ಕಾಲಂದೂ ಬಂತು. ಮೆಟ್ಟಿಲಿನ ಡ್ರಾಯಿಂಗ್ ಮಾತ್ರ ನಾಳೆ, ನಾಡಿದ್ದು ಅಂತ ಬರಲೇ ಇಲ್ಲ. ಮೇಸ್ತ್ರಿ ಅಂದಾಜಿನ ಮೇಲೆ ಸೆಂಟ್ರಿಂಗ್ (ಕಾಂಕ್ರೀಟಿಗೆ ಕೊಡುವ ಹಲಗೆಯ ಆಸರೆ) ಹೊಡೆದು ಕಾಂಕ್ರೀಟ್ ಹಾಕಿಬಿಟ್ಟ. ಆಮೇಲೆ ನೋಡಿದರೆ ಬೀಮಿನ ಕೆಳಗೆ ತಲೆ ತಗಲುತ್ತದೆ. ಒಡೆಯಬೇಕಾಯಿತು. ಒಡೆದದ್ದಕ್ಕೆ ಒಂದು ಬಿಲ್ಲು, ಮತ್ತೆ ಕಟ್ಟಿದ್ದಕ್ಕೆ ಒಂದು ಬಿಲ್ಲು, ಜಾಸ್ತಿ ದಿನ ನಿಂತ ಸೆಂಟ್ರಿಂಗಿನ ಬಾಡಿಗೆ ಬೇರೆ. ಚದರಕ್ಕೆ ಇಷ್ಟು ಅಂತ ಮಾತಾಡಿದ ರೇಟಿನಲ್ಲಿ ಇದು ಯಾವುದೂ ಬರುವುದಿಲ್ಲ, ಕಂಟ್ರಾಕ್ಟರ್ ಕೇಳಿದ್ದು ನ್ಯಾಯವೇ. ಮಾಲೀಕರು ಆರ್ಕಿಟೆಕ್ಟ್ ಕೊಡಲಿ ಅಂದರು. ಆರ್ಕಿಟೆಕ್ಟ್, "ಸೂಪರ್‌ವಿಷನ್ ಅಂದರೆ ಮೋಲ್ಡ್ (ತಾರಸಿ ಕಾಂಕ್ರೀಟ್) ಹಾಕುವ ದಿನ ಬಂದು ನೋಡುವುದು, ಮೆಟ್ಟಿಲು ಕಟ್ಟುವಾಗ ನನ್ನನ್ನು ಯಾರು ಕರೆದರು?" ಅಂದರು. ಬರೆದದ್ದು ಇದ್ದಿದ್ದರೆ ತೋರಿಸಬಹುದಿತ್ತು. ಇರಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಸ್ಟ್ರಕ್ಚರಲ್ ಎಂಜಿನಿಯರನ್ನು ಗೊತ್ತು ಮಾಡಿದ್ದು ಆರ್ಕಿಟೆಕ್ಟ್. ಅವರಿಗೆ ಆರ್ಕಿಟೆಕ್ಟ್ ಕಡೆಯಿಂದ ದುಡ್ಡು ಬಂದಿರಲಿಲ್ಲ, ಹಾಗಾಗಿ ಮೊದಲ ಮಹಡಿ ಮೋಲ್ಡಿಗೆ ಮುಂಚೆ ಕಂಬಿ ನೋಡಲು ಅವರು ಬರಲಿಲ್ಲ. ಮಳೆಗಾಲ ಹಿಡಿಯಿತು. ಕಟ್ಟಿದ ಕಂಬಿ ಮಳೆಯಲ್ಲಿ ನೆನೆದು ತುಕ್ಕು ಹಿಡಿಯಿತು. ಬ್ಯಾಂಕಿನವರು ಲೋನು ಕೊಡುವುದು ಹಂತ ಹಂತವಾಗಿ, ಕೆಲಸ ಎಷ್ಟಾಗಿದೆ ಅಂತ ನೋಡಿಕೊಂಡು. ಕೆಲಸ ನಿಂತರೆ ಮುಂದಿನ ಕಂತೂ ನಿಂತಿತು. ಬಾಡಿಗೆ ಮನೆಯ ಬಾಡಿಗೆ, ತೆಗೆದುಕೊಂಡ ಲೋನಿನ ಬಡ್ಡಿ, ಎರಡೂ ಓಡುತ್ತಲೇ ಇದ್ದವು. ಆ ಮನೆಯ ಹಿರಿಯರು ರಿಟೈರ್‌ಮೆಂಟ್ ದುಡ್ಡು ಹಾಕಿ ಕಟ್ಟಿಸುತ್ತಿದ್ದರು ಪುಟ್ಟಾ. ಅದಕ್ಕೇ ನನಗೆ ಇಷ್ಟು ಸಂಕಟ.

ನಿನ್ನ ಕೊಟೇಶನ್‌ನಲ್ಲಿ "ಪ್ಲಾನ್, ಎಲಿವೇಶನ್, ಸ್ಟ್ರಕ್ಚರಲ್, ಸೂಪರ್‌ವಿಷನ್" ಅಂತ ಒಂದೇ ಸಾಲಿದೆ, ಯಾವ್ಯಾವ ಡ್ರಾಯಿಂಗ್ ಅಂತ ಇಲ್ಲ. ಅಪ್ರೂವಲ್‌ಗೆ ಕೊಡುವ ಡ್ರಾಯಿಂಗ್ ನೋಡಿಕೊಂಡು ಮನೆ ಕಟ್ಟಲು ಆಗುವುದಿಲ್ಲ. ಅದರಲ್ಲಿ ಸೆಟ್‌ಬ್ಯಾಕ್ (ಮನೆ ಸುತ್ತ ಬಿಡಬೇಕಾದ ಜಾಗ), ಎತ್ತರ, ಏರಿಯಾ ಇರುತ್ತದೆ ಅಷ್ಟೇ. ಕಟ್ಟಲು ಬೇಕಾದದ್ದು ವರ್ಕಿಂಗ್ ಡ್ರಾಯಿಂಗ್. ಸೆಂಟರ್‌ಲೈನ್ ಮಾರ್ಕಿಂಗ್ (ಗೋಡೆ, ಕಾಲಂ ಎಲ್ಲಿ ಬರಬೇಕು ಅಂತ ನೆಲದ ಮೇಲೆ ಹಾಕುವ ಗುರುತು), ಪಾಯ, ಕಾಲಂ, ಬೀಮು, ಮೋಲ್ಡಿನ ಕಂಬಿ ವಿವರ, ಬಾಗಿಲು ಕಿಟಕಿ ಅಳತೆ ಪಟ್ಟಿ, ಮೆಟ್ಟಿಲು, ಎಲೆಕ್ಟ್ರಿಕಲ್, ನೀರು ಮತ್ತು ಸ್ಯಾನಿಟರಿ ಪೈಪು, ಸಂಪು. ಇವೆಲ್ಲದರ ಹೆಸರೂ ಅಗ್ರಿಮೆಂಟಿನಲ್ಲಿ ಇರಲಿ. ಪ್ರತಿಯೊಂದು ಯಾವ ಕೆಲಸಕ್ಕೆ ಎಷ್ಟು ದಿನ ಮುಂಚೆ ಕೈಗೆ ಬರಬೇಕು ಅಂತಲೂ ಇರಲಿ.

ದುಡ್ಡಿನ ವಿಷಯಕ್ಕೆ ಬಂದರೆ, ಅರ್ಧ ಅಡ್ವಾನ್ಸ್ ಕೊಡಬೇಡ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಅಂತ ಇದೆಯಲ್ಲ, ಆರ್ಕಿಟೆಕ್ಟ್‌ಗಳನ್ನು ರಿಜಿಸ್ಟರ್ ಮಾಡುವ ಸಂಸ್ಥೆ, 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಆದದ್ದು, ಅವರೇ ಕೆಲಸದ ಷರತ್ತುಗಳ ಒಂದು ಮಾದರಿ ಇಟ್ಟಿದ್ದಾರೆ. ಅದರಲ್ಲಿ ಕೆಲಸವನ್ನು 7 ಹಂತ ಮಾಡಿದ್ದಾರೆ. ಮೊದಲ ಐಡಿಯಾದಿಂದ ಹಿಡಿದು ಅಪ್ರೂವಲ್ ಡ್ರಾಯಿಂಗ್, ವರ್ಕಿಂಗ್ ಡ್ರಾಯಿಂಗ್, ಕಂಟ್ರಾಕ್ಟರ್ ಆಯ್ಕೆ, ಕಟ್ಟುವಾಗಿನ ಕೆಲಸ, ಕೊನೆಗೆ ಕಂಪ್ಲೀಶನ್. ಅಪ್ರೂವಲ್ ಹಂತ ಮುಗಿದರೂ ಫೀಸು ಅರ್ಧ ತಲುಪುವುದಿಲ್ಲ. ಕೊನೆಯ ಪಾಲು ಕೊಡುವುದು ಕೆಲಸ ಮುಗಿದ ಮೇಲೆ. ಆ ಕ್ರಮವನ್ನೇ ಇಟ್ಟುಕೊಳ್ಳೋಣ ಅಂತ ಕೇಳು. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಸಂಕೋಚ ಬೇಡ. ಗಿರಾಕಿಗೆ ಷರತ್ತು ತಿಳಿಸಿ, ಅದರ ಮೇಲೇ ಕೆಲಸ ಒಪ್ಪಿಕೊಳ್ಳಬೇಕು ಅಂತ ಅವರ 1989ರ ವೃತ್ತಿ ನಿಯಮದಲ್ಲೇ ಇದೆ.

ಸೂಪರ್‌ವಿಷನ್ ಬಗ್ಗೆ ಎಲ್ಲರೂ ಮೋಸ ಹೋಗುತ್ತಾರೆ. ದಿನಾ ಬಂದು ನಿಲ್ಲುವುದು ಆರ್ಕಿಟೆಕ್ಟ್ ಕೆಲಸ ಅಲ್ಲ. ಕೌನ್ಸಿಲ್ ಷರತ್ತಿನಲ್ಲೂ ಇಬ್ಬರೂ ಒಪ್ಪಿದ ಅಂತರದಲ್ಲಿ ಬಂದು ನೋಡುವುದು ಅಂತಲೇ ಇದೆ. ದಿನದ ಉಸ್ತುವಾರಿಗೆ ಬೇರೆ ಸೈಟ್ ಎಂಜಿನಿಯರ್ ಬೇಕು, ಅವರ ಸಂಬಳ ನಿನ್ನದೇ. ಅದಕ್ಕೇ ಮಾರ್ಕಿಂಗ್ ದಿನ, ಪಾಯದ ಕಂಬಿ, ಕಾಲಂ ಸ್ಟಾರ್ಟರ್ (ಕಾಲಂ ಬುಡದ ಮೊದಲ ಕಾಂಕ್ರೀಟ್), ಪ್ರತಿ ಮೋಲ್ಡಿಗೆ ಮುಂಚೆ, ಪ್ಲಾಸ್ಟರಿಂಗಿಗೆ ಮುಂಚೆ, ಇಷ್ಟು ಸಲ ಖಂಡಿತ ಬರಬೇಕು ಅಂತ ಬರೆಸು. ಬಂದಾಗ ಏನು ನೋಡಿದರು, ಏನು ಹೇಳಿದರು ಅಂತ ಒಂದು ಸೈಟ್ ಪುಸ್ತಕದಲ್ಲಿ ಸಹಿ ಮಾಡಲಿ. ಸ್ಟ್ರಕ್ಚರಲ್ ಎಂಜಿನಿಯರ್ ಫೀಸು ಯಾರು ಕೊಡುವುದು ಅನ್ನುವುದೂ ಬರಲಿ. ನನ್ನನ್ನು ಕೇಳಿದರೆ ನೀನೇ ನೇರವಾಗಿ ಕೊಡು.

ಇನ್ನೊಂದು, ಓಸಿ, ಅಂದರೆ ಕಟ್ಟಿದ ಮನೆಯಲ್ಲಿ ವಾಸ ಮಾಡಬಹುದು ಅಂತ ಕೊಡುವ ಆಕ್ಯುಪೆನ್ಸಿ ಸರ್ಟಿಫಿಕೇಟ್. ವಿದ್ಯುತ್, ನೀರಿನ ಕನೆಕ್ಷನ್ ಕೊಡಲು ಕಂಪ್ಲೀಶನ್ ಅಥವಾ ಆಕ್ಯುಪೆನ್ಸಿ ಸರ್ಟಿಫಿಕೇಟ್ ನೋಡಲೇಬೇಕು ಅಂತ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪ್ರೂವಲ್ ಬಿಟ್ಟು ಬೇರೆ ಥರ ಕಟ್ಟಿದರೆ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತೀಯ. ಕೆಲಸ ಮುಗಿದ ಮೇಲೆ ಕಟ್ಟಿದ ಹಾಗೇ ಇರುವ ಡ್ರಾಯಿಂಗ್ ಕೊಡುವುದು, ಓಸಿಗೆ ಸಹಾಯ ಮಾಡುವುದು ಕೌನ್ಸಿಲ್ ಪ್ರಕಾರ ಕೊನೆಯ ಹಂತದ ಕೆಲಸವೇ. ಆದರೆ ನಿನ್ನ ಕೊಟೇಶನ್ನಿನಲ್ಲಿ ಅದರ ಸುದ್ದಿಯೇ ಇಲ್ಲ. ಸೇರಿಸು, ಕೊನೆಯ ಕಂತನ್ನು ಅದಕ್ಕೇ ಕಟ್ಟಿಹಾಕು.

ಮಧ್ಯದಲ್ಲಿ ಬಿಟ್ಟರೆ ಏನು ಅನ್ನುವುದನ್ನು ಯಾರೂ ಬರೆಯುವುದಿಲ್ಲ, ಶುಭ ಕಾರ್ಯಕ್ಕೆ ಮುಂಚೆ ಅಪಶಕುನ ಅಂತ. ಆದರೆ ಇದೇ ಮುಖ್ಯ. ಮನೆಯ ವಿನ್ಯಾಸಕ್ಕೂ ಕಾಪಿರೈಟ್ ಇದೆ. ದುಡ್ಡು ನೀನು ಕೊಟ್ಟರೂ, ಬರೆದುಕೊಳ್ಳದಿದ್ದರೆ ಹಕ್ಕು ಆರ್ಕಿಟೆಕ್ಟ್ ಹತ್ತಿರವೇ ಉಳಿಯುತ್ತದೆ. ಅದು ಅವರ ಹತ್ತಿರವೇ ಇರಲಿ, ತೊಂದರೆ ಇಲ್ಲ. ದುಡ್ಡು ಕೊಟ್ಟ ಹಂತದವರೆಗಿನ ಡ್ರಾಯಿಂಗ್‌ಗಳನ್ನು ಈ ಸೈಟಿನಲ್ಲಿ ಈ ಮನೆ ಮುಗಿಸಲು ಬಳಸಬಹುದು, ಕ್ಯಾಡ್ ಫೈಲ್ (ಕಂಪ್ಯೂಟರಿನಲ್ಲಿರುವ ಡ್ರಾಯಿಂಗಿನ ಮೂಲ ಫೈಲ್) ಕೊಡಬೇಕು ಅಂತ ಇದ್ದರೆ ಸಾಕು. ಯಾರೇ ಬಿಡುವುದಾದರೂ ಎಷ್ಟು ದಿನದ ನೋಟಿಸ್, ಲೆಕ್ಕ ಹೇಗೆ ಚುಕ್ತಾ ಅಂತಲೂ ಇರಲಿ. ಹೊಸಬರು ಬಂದರೆ ಹಳೆಯವರಿಗೆ ತಿಳಿಸಬೇಕು ಅನ್ನುವ ನಿಯಮ ಇದೆ. ಹಳೆಯ ಲೆಕ್ಕ ಚುಕ್ತಾ ಆಗದಿದ್ದರೆ ಒಳ್ಳೆಯ ಆರ್ಕಿಟೆಕ್ಟ್ ಯಾರೂ ಕೈಹಾಕಲು ಮುಂದೆ ಬರುವುದಿಲ್ಲ.

ಫೀಸು ಪರ್ಸೆಂಟ್ ಲೆಕ್ಕ ಅಂದರೆ ಎಸ್ಟಿಮೇಟ್ ಮೇಲೋ, ಕೊನೆಯ ಖರ್ಚಿನ ಮೇಲೋ ಕೇಳು. ಜಿಎಸ್‌ಟಿ ಸೇರಿದೆಯಾ ಕೇಳು. ಸಿಎ ಅಂತ ಶುರುವಾಗುವ ರಿಜಿಸ್ಟ್ರೇಶನ್ ನಂಬರ್ ಇಸಿದುಕೊಂಡು ಕೌನ್ಸಿಲ್ ವೆಬ್‌ಸೈಟಿನಲ್ಲಿ ನೋಡು.

ಅವರ ಕಡೆಯಿಂದಲೂ ಯೋಚನೆ ಮಾಡಬೇಕು. ಪ್ಲಾನ್ ಒಪ್ಪಿದ ಮೇಲೆ ಅಡುಗೆಮನೆ ಈ ಕಡೆ ಬರಲಿ, ದೇವರಮನೆ ದೊಡ್ಡದಾಗಲಿ, ವಾಸ್ತುವಿನವರು ಹೀಗೆ ಹೇಳಿದರು ಅಂತ ನಾವು ಬದಲಾಯಿಸುತ್ತಲೇ ಇರುತ್ತೇವೆ ಅಲ್ವಾ. ಅವರು ಎಷ್ಟು ಸಲ ಪುಕ್ಕಟೆ ತಿದ್ದಿ ಕೊಡಲಿ? ಇಷ್ಟು ಸಲ ಫೀಸಿನಲ್ಲೇ, ಆಮೇಲೆ ಇಷ್ಟು ಅಂತ ಬರೆಯಿರಿ. ನಿನ್ನ ಹೆಂಡತಿಗೂ ಅಕ್ಕನಿಗೂ ಇದನ್ನು ಓದಿಸಿ, ವಾಸ್ತು ನೋಡಿಸುವುದಿದ್ದರೆ ಮೊದಲ ಸ್ಕೆಚ್‌ನಲ್ಲೇ ಮುಗಿಸಿಬಿಡಿ.

ಇವತ್ತೇ ಅವರಿಗೆ ಫೋನ್ ಮಾಡು. ಡ್ರಾಫ್ಟ್ ಅಗ್ರಿಮೆಂಟ್ ಕಳಿಸಿ, ಮನೆಯವರು ಓದಿ ಹೇಳುತ್ತೇವೆ ಅನ್ನು. ಬಂದ ತಕ್ಷಣ ನನಗೆ ಫಾರ್ವರ್ಡ್ ಮಾಡು, ಸಾಲು ಸಾಲು ನೋಡಿ ಗುರುತು ಹಾಕಿ ಕಳಿಸುತ್ತೇನೆ. ಅಲ್ಲಿಯವರೆಗೆ ಒಂದು ರೂಪಾಯಿಯೂ ಹಾಕಬೇಡ.