‘ದಿಗಿಲು’ ಎಂದರೆ ಆತಂಕವೋ, ಖಿನ್ನತೆಯೋ: ಗಡಿ ತಾಲ್ಲೂಕುಗಳ ಬಳಕೆ

ಮಾನ್ಯರೇ,

ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರಿಗಾಗಿ ಮಾನಸಿಕ ಕಾಯಿಲೆಗಳನ್ನು ಕುರಿತ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೇವೆ. ಕಾಯಿಲೆಯ ಲಕ್ಷಣ ಮತ್ತು ಚಿಕಿತ್ಸೆಯ ವಿವರಗಳನ್ನು ಮನೋವೈದ್ಯರೊಬ್ಬರು ಪರಿಶೀಲಿಸುತ್ತಿದ್ದಾರೆ. ಭಾಷೆಯ ಹೊಣೆ ನನ್ನದು. ಹೆಚ್ಚಿನ ಕಡೆ ರೂಢಿಯಲ್ಲಿರುವ ಪದಗಳನ್ನೇ ಉಳಿಸಿಕೊಂಡಿದ್ದೇವೆ. ‘ದಿಗಿಲು’ ಎಂಬ ಪದ ಮಾತ್ರ ತೀರ್ಮಾನಕ್ಕೆ ಬಾರದೆ ಉಳಿದಿದೆ. ಅದರ ಬಗ್ಗೆಯೂ ಅದರ ನೆರೆಯ ಕೆಲವು ಪದಗಳ ಬಗ್ಗೆಯೂ ತಿಳಿದವರ ಅಭಿಪ್ರಾಯವನ್ನು ಕೋರುತ್ತೇನೆ.

ಆತಂಕದ ಕಾಯಿಲೆಯನ್ನು ವಿವರಿಸುವಾಗ ‘ದಿಗಿಲು’ ಎಂಬುದನ್ನೇ ಬಳಸೋಣ ಎಂಬ ಸಲಹೆ ಬಂದಿದೆ, ಅದಕ್ಕೆ ಕಾರಣವೂ ಇದೆ. ‘ಆತಂಕ’ ಪತ್ರಿಕೆಗಳಲ್ಲಿ ದಿನವೂ ಕಾಣುವ ಪದವಾದರೂ ಜಮೀನಿನ ಕಾಗದಪತ್ರ ನೋಡಿ ಬಲ್ಲ ಹಿರಿಯರ ಕಿವಿಯಲ್ಲಿ ಅದಕ್ಕೆ ಬೇರೆಯೇ ಅರ್ಥವಿದೆ. ಕ್ರಯಪತ್ರದಲ್ಲಿ ‘ಯಾವುದೇ ಆತಂಕ ತಕರಾರುಗಳಿದ್ದಲ್ಲಿ’ ಎಂದು ಬರುವಾಗ ಆತಂಕವೆಂದರೆ ಅಡ್ಡಿ. ‘ದಿಗಿಲು’ ಅಚ್ಚ ಆಡುಮಾತು. ದಿಗಿಲು ಬಿದ್ದ, ದಿಗಿಲುಗೊಂಡ ಎಂದರೆ ಕನ್ನಡ ಮನೆಮಾತಿನವರಿಗೆ ಹೆದರಿಕೆ ಎಂದೇ ಅರ್ಥ, ಅದರಲ್ಲೂ ಇದ್ದಕ್ಕಿದ್ದಂತೆ ಎದೆ ನಡುಗಿಸುವ ಹೆದರಿಕೆ.

ತೊಡಕು ಹುಟ್ಟುವುದು ನಮ್ಮ ಸೀಮೆಯ ಎರಡು ಭಾಷೆಗಳ ಬಾಳಿನಿಂದ. ಇಲ್ಲಿನ ಬಹಳ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ತೆಲುಗಿನಲ್ಲಿ ‘ದಿಗುಲು’ ಎಂದರೆ ಕೊರಗು, ಮನಸ್ಸಿನ ಕುಗ್ಗು, ಬಿಡದೆ ಕಾಡುವ ಚಿಂತೆ. ಬೆಚ್ಚಿಬೀಳಿಸುವ ಭಯಕ್ಕೆ ಅಲ್ಲಿ ಬೇರೆ ಮಾತುಗಳಿವೆ. ಒಬ್ಬರೇ ವ್ಯಕ್ತಿ ಮನೆಯಲ್ಲಿ ‘ದಿಗುಲುಗಾ ಉಂದಿ’ ಎಂದು ಹೇಳಿಕೊಂಡದ್ದನ್ನು ಆಸ್ಪತ್ರೆಯಲ್ಲಿ ‘ದಿಗಿಲಾಗಿದೆ’ ಎಂದು ಹೇಳುತ್ತಾರೆ. ಹೇಳಿದವರ ಮನಸ್ಸಿನಲ್ಲಿರುವುದು ಖಿನ್ನತೆ, ಕೇಳಿದವರು ಬರೆದುಕೊಳ್ಳುವುದು ಭಯ.

ಇದು ಊಹೆಯ ಮಾತಲ್ಲ. ಕಾರ್ಯಕರ್ತೆಯೊಬ್ಬರ ನೋಟ್‌ಬುಕ್ಕಿನಲ್ಲಿ ‘ದಿಗಿಲು ಜಾಸ್ತಿ, ಊಟ ಸೇರಲ್ಲ, ಕೆಲಸಕ್ಕೆ ಹೋಗ್ತಿಲ್ಲ’ ಎಂಬ ಸಾಲನ್ನು ನಾನೇ ಓದಿದೆ. ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದ ಹೆಣ್ಣುಮಗಳೊಬ್ಬರ ವಿಷಯವದು. ಯಾವುದಕ್ಕೆ ಹೆದರಿಕೆ ಎಂದು ಮತ್ತೆ ವಿಚಾರಿಸಿದಾಗ, ಹೆದರಿಕೆ ಏನೂ ಇಲ್ಲ, ಯಾವುದೂ ಬೇಡ ಅನ್ನಿಸುತ್ತದೆ, ಬೆಳಗಿನ ಜಾವವೇ ಎಚ್ಚರವಾಗಿ ಸುಮ್ಮನೆ ಬಿದ್ದುಕೊಂಡಿರುತ್ತೇನೆ ಎಂಬ ಉತ್ತರ ಬಂತು. ಇವು ಖಿನ್ನತೆಯ ಲಕ್ಷಣಗಳು.

ಪದದ ಈ ಗೊಂದಲದಿಂದ ಆಗುವ ಹಾನಿ ಸಣ್ಣದಲ್ಲ. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಅದರ ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ಇವುಗಳಲ್ಲಿ ಏರುಪೇರು, ಇವೆಲ್ಲ ಕನಿಷ್ಠ ಎರಡು ವಾರ ಹೆಚ್ಚುಕಡಿಮೆ ಪ್ರತಿದಿನ ಇದ್ದರೆ ವೈದ್ಯರು ಖಿನ್ನತೆಯನ್ನು ಶಂಕಿಸುತ್ತಾರೆ. ಆಗ ಸಾಯಬೇಕೆನಿಸುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ‘ಭಯ’ ಎಂದು ಬರೆದುಕೊಂಡವರು ಆ ಪ್ರಶ್ನೆಯವರೆಗೆ ಹೋಗದೆ ಉಳಿಯಬಹುದು. ಖಿನ್ನತೆ ಮತ್ತು ಆತಂಕ ಎರಡಕ್ಕೂ ಹಲವು ಸಲ ಒಂದೇ ಬಗೆಯ ಔಷಧಿ ಕೊಡುತ್ತಾರೆ ಎಂಬುದು ನಿಜ, ಆದರೆ ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಗಾಬರಿಯನ್ನು ಆ ಕ್ಷಣಕ್ಕೆ ತಗ್ಗಿಸುವ ಮಾತ್ರೆಗಳು ಬೇರೆ. ಅವು ಖಿನ್ನತೆಯನ್ನು ಗುಣಪಡಿಸುವುದಿಲ್ಲ, ಬಹಳ ದಿನ ನುಂಗಿದರೆ ಅಭ್ಯಾಸವಾಗಿಬಿಡುತ್ತವೆ. ನಮ್ಮ ಜನ ಈ ಎರಡು ಬಗೆಯನ್ನೂ ‘ನಿದ್ದೆ ಮಾತ್ರೆ’ ಎಂದೇ ಕರೆಯುತ್ತಾರೆ, ಅಭ್ಯಾಸವಾದೀತೆಂದು ಹೆದರಿ ಬಿಡಬಾರದ ಮಾತ್ರೆಯನ್ನು ನಡುವೆಯೇ ಬಿಟ್ಟುಬಿಡುತ್ತಾರೆ. ಖಿನ್ನತೆಯ ಔಷಧಿಗೆ ‘ಮನಸ್ಸಿನ ಕಾಯಿಲೆಯ ಮಾತ್ರೆ’ ಎಂದಷ್ಟೇ ಬರೆದಿದ್ದೇವೆ. ಇದಕ್ಕಿಂತ ಒಳ್ಳೆಯ ಆಡುಮಾತು ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕು.

ನನ್ನ ಸಲಹೆ ಇಷ್ಟು. ಎದೆ ಡವಡವ ಹೊಡೆದುಕೊಂಡು, ಉಸಿರು ಕಟ್ಟಿದಂತಾಗಿ, ಈಗಲೇ ಪ್ರಾಣ ಹೋಗುತ್ತದೆ ಎನ್ನಿಸಿ, ಕೆಲವೇ ನಿಮಿಷಗಳಲ್ಲಿ ತುದಿಗೇರಿ ಇಳಿಯುವ ಸ್ಥಿತಿಗೆ ‘ಗಾಬರಿ’ ಎಂಬ ಪದವೇ ಸಾಕು; ತೆಲುಗಿನ ‘ಗಾಬರಾ’ ಕೂಡ ಅದೇ ಅರ್ಥದ್ದು, ಆದ್ದರಿಂದ ಎರಡು ಭಾಷೆಯವರೂ ತಪ್ಪು ತಿಳಿಯುವ ಅವಕಾಶ ಕಡಿಮೆ. ತಿಂಗಳುಗಟ್ಟಲೆ ಬಿಡದೆ ಕಾಡುವ ಚಿಂತೆಯ ಕಾಯಿಲೆಗೆ ‘ಆತಂಕ’ ಎಂಬ ಪದವನ್ನೇ ಇಟ್ಟು, ಪಕ್ಕದಲ್ಲಿ ಒಂದು ವಾಕ್ಯದ ವಿವರಣೆ ಕೊಡುವುದು. ‘ದಿಗಿಲು’ ಎಂಬುದನ್ನು ಕಾಯಿಲೆಯ ಹೆಸರಾಗಿ ಬಳಸದೆ, ಆ ಮಾತು ಕಿವಿಗೆ ಬಿದ್ದರೆ ‘ಹೆದರಿಕೆಯೋ, ಕೊರಗೋ’ ಎಂದು ಕೇಳಿ ತಿಳಿದುಕೊಳ್ಳಿ ಎಂದು ಕಾರ್ಯಕರ್ತೆಯರಿಗೆ ಸೂಚಿಸುವುದು. ಇದೇ ಎಚ್ಚರ ‘ಪಿಚ್ಚೆನ್ನು’ ಎಂಬುದಕ್ಕೂ ಬೇಕೇನೋ. ಕನ್ನಡದಲ್ಲಿ ಮನಸ್ಸು ಪಿಚ್ಚೆಂದರೆ ಬೇಸರ, ತೆಲುಗಿನ ‘ಪಿಚ್ಚಿ’ ಹುಚ್ಚು.

ಎರಡನೆಯ ಪ್ರಶ್ನೆ ‘ಭ್ರಮೆ’ ಮತ್ತು ‘ಭ್ರಾಂತಿ’ಗಳದ್ದು. ಸ್ಕಿಜೋಫ್ರೇನಿಯಾದಂತಹ ಕಾಯಿಲೆಗಳಲ್ಲಿ ಎರಡು ಬೇರೆ ಲಕ್ಷಣಗಳಿವೆ: ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು, ಏನೂ ಇಲ್ಲದಿದ್ದರೂ ಕಾಣಿಸುವುದು ಒಂದು, ನೆರೆಯವರು ಅನ್ನಕ್ಕೆ ವಿಷ ಹಾಕುತ್ತಿದ್ದಾರೆ ಎಂಬಂತಹ, ಯಾರು ಎಷ್ಟು ಹೇಳಿದರೂ ಬಿಡದ ಸುಳ್ಳು ನಂಬಿಕೆ ಇನ್ನೊಂದು. ನಾನು ನೋಡಿದ ಬರಹಗಳಲ್ಲಿ ಒಬ್ಬರು ಮೊದಲನೆಯದನ್ನು ಭ್ರಮೆ ಎಂದರೆ ಇನ್ನೊಬ್ಬರು ಎರಡನೆಯದನ್ನು ಭ್ರಮೆ ಎಂದಿದ್ದಾರೆ. ಆಡುಮಾತಿನಲ್ಲಂತೂ ಎರಡಕ್ಕೂ ವ್ಯತ್ಯಾಸವೇ ಇಲ್ಲ. ‘ಇಲ್ಲದ ದನಿ ಕೇಳುವುದು’, ‘ಬಿಡಿಸಲಾಗದ ತಪ್ಪು ನಂಬಿಕೆ’ ಎಂದು ಬಿಡಿಸಿ ಬರೆಯುವುದೇ ಮೇಲೆಂದು ನನಗೆ ತೋರುತ್ತದೆ. ಒಂದೊಂದೇ ಪದ ಬೇಕೇಬೇಕು ಎನ್ನುವವರು ಯಾವುದಕ್ಕೆ ಯಾವುದನ್ನು ನಿಲ್ಲಿಸುತ್ತೀರಿ, ಯಾವ ಆಧಾರದ ಮೇಲೆ, ಎಂಬುದನ್ನು ದಯವಿಟ್ಟು ತಿಳಿಸಿ.

‘ಬುದ್ಧಿಮಾಂದ್ಯ’ದ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ, ಆದರೂ ಹೇಳಬೇಕಾಗಿದೆ. ಬೆಳವಣಿಗೆಯ ಹಂತದಲ್ಲೇ ಬುದ್ಧಿಶಕ್ತಿ ಕುಂಠಿತವಾಗುವುದು ಬೇರೆ, ಸರಿಯಿದ್ದ ಮನಸ್ಸಿಗೆ ನಡುವೆ ಕಾಯಿಲೆ ಬರುವುದು ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಬುದ್ಧಿಮಾಂದ್ಯವನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಎರಡನ್ನೂ ಬೇರೆಬೇರೆಯಾಗಿ ಹೆಸರಿಸಿದೆ. ಪ್ರಮಾಣಪತ್ರದ ಅರ್ಜಿಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಅಲೆದಾಡಬೇಕಾದವರು ಮನೆಯವರು. ಮೊದಲನೆಯದಕ್ಕೆ ಈಗ ಬಳಕೆಗೆ ಬರುತ್ತಿರುವ ‘ಬೌದ್ಧಿಕ ಅಂಗವೈಕಲ್ಯ’ವನ್ನೇ ಇಟ್ಟಿದ್ದೇವೆ.

ಹೊತ್ತಗೆಯ ಹಿಂಬದಿಯ ರಕ್ಷಾಪುಟದಲ್ಲಿ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಇರುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಯಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿಸುತ್ತಿದ್ದೇವೆ. ಸಂಕಟವನ್ನು ಮನೆಮಾತಿನಲ್ಲಿ ಹೇಳಿಕೊಳ್ಳುವ ಅನುಕೂಲ ಈ ಸೀಮೆಗೆ ಬಹಳ ಮುಖ್ಯವಾದದ್ದು.

ಕೊನೆಯ ಪ್ರಶ್ನೆ ವಿದ್ಯುತ್ ಚಿಕಿತ್ಸೆಯ ಹೆಸರಿನದು. ಜನ ‘ಕರೆಂಟ್ ಕೊಡಿಸುವುದು’, ‘ಶಾಕ್ ಕೊಡುವುದು’ ಎನ್ನುತ್ತಾರೆ, ಆ ಮಾತು ಕೇಳಿಯೇ ರೋಗಿಯನ್ನು ವಾಪಸು ಕರೆದೊಯ್ಯುವ ಮನೆಗಳಿವೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಈ ಚಿಕಿತ್ಸೆ ಕೊಡುವುದನ್ನು 2017ರ ಕಾಯ್ದೆಯೇ ನಿಷೇಧಿಸಿದೆ. ಊಟ ನೀರು ಬಿಟ್ಟು ಮಲಗಿದ ತೀವ್ರ ಖಿನ್ನತೆಯಲ್ಲಿ ಇದು ಪ್ರಾಣ ಉಳಿಸುತ್ತದೆ. ಪುಸ್ತಕಗಳಲ್ಲಿ ಕಾಣುವ ‘ವಿದ್ಯುತ್ ಕಂಪನ ಚಿಕಿತ್ಸೆ’ಯಲ್ಲಿ ‘ಕಂಪನ’ ಎಂಬುದೇ ಹೆದರಿಸುತ್ತದೆ. ಆಸ್ಪತ್ರೆಯವರು ಹೇಳುವ ‘ಇಸಿಟಿ’ಯನ್ನೇ ಇಟ್ಟುಕೊಂಡು, ‘ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆ’ ಎಂಬ ವಿವರಣೆ ಕೊಟ್ಟರೆ ಸಾಕೇ? ಶ್ರೀನಿವಾಸಪುರ, ಮುಳಬಾಗಿಲು, ಪಾವಗಡ ಕಡೆಯವರು ತಮ್ಮಲ್ಲಿ ಇದಕ್ಕೆ ಬೇರೆ ಮಾತು ಕೇಳಿದ್ದರೆ, ಅದನ್ನು ಯಾರು ಯಾವ ಸಂದರ್ಭದಲ್ಲಿ ಆಡುತ್ತಾರೆ ಎಂಬುದರ ಸಮೇತ ಬರೆಯಬೇಕೆಂದು ವಿನಂತಿ.