ಜೋನ್ಸ್: ‘ಅಡ್ಡಹೆಸರು’ ಎನ್ನಬಹುದೇ? (ತುರ್ತು)

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಅಚ್ಚಿಗೆ ಹೋಗಬೇಕಾದ ಅನುವಾದ ಒಂದು ಪದಕ್ಕೆ ನಿಂತಿದೆ. ವೇಲ್ಸಿನ ಆಂಗ್ಲಸಿ ದ್ವೀಪದಲ್ಲಿ ಹುಟ್ಟಿದ ವಿಲಿಯಂ ಜೋನ್ಸ್ 1706ರಲ್ಲಿ ‘ಪೈ’ (π) ಚಿಹ್ನೆಯನ್ನು ಇಂದಿನ ಅರ್ಥದಲ್ಲಿ ಬಳಸಿದ ಗಣಿತಜ್ಞ. ತಂದೆಯ ಹೆಸರು ಶೋನ್ ಶೋರ್ (ವೆಲ್ಶ್‌ನ ಶೋನ್ ಎಂದರೆ ಇಂಗ್ಲಿಷಿನ ಜಾನ್). ಮಗ ಜೋನ್ಸ್ ಆದ. ಇದಕ್ಕೆ ‘ಅಡ್ಡಹೆಸರು’ ಎಂದು ಬರೆದೆ. ನಾನು ಧಾರವಾಡದವಳು, ನಮ್ಮಲ್ಲಿ ಪಾಟೀಲ, ದೇಸಾಯಿ ಎಲ್ಲವೂ ಅಡ್ಡಹೆಸರೇ. ಕರಡು ತಿದ್ದಿದ ಮೈಸೂರಿನವರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಗೆಳೆಯರು ತಮಾಷೆಗೆ ಕರೆದದ್ದೇ?’ ಎಂದು ಕೇಳಿದ್ದಾರೆ. ಏನು ಬರೆಯಲಿ?

ಮರು: ಜೋನ್ಸ್
ಮೇಡಂ, ‘ಅಡ್ಡಹೆಸರು’ ಬೇಡ, ‘ಕುಲನಾಮ’ ಅಂತೂ ಬೇಡವೇ ಬೇಡ. ‘ತಂದೆವೆಸರು’ ಎನ್ನಿ. ವೆಲ್ಶ್ ಭಾಷೆಯಲ್ಲಿ ‘ಅಪ್’ ಎಂದರೆ ಮಗ. ಹಳೆಯ ‘ಮಪ್’ ಸವೆದು ಉಳಿದದ್ದು. ಅಪ್ ರೀಸ್ ‘ಪ್ರೈಸ್’ ಆಯಿತು, ಅಪ್ ಹವೆಲ್ ‘ಪೊವೆಲ್’, ಅಬ್ ಓವೆನ್ ‘ಬೋವೆನ್’. ತಲೆಮಾರಿಗೊಮ್ಮೆ ಬದಲಾಗುತ್ತಿದ್ದ ಹೆಸರುಗಳಿವು. 1536 ಮತ್ತು 1542ರ ಕಾಯಿದೆಗಳು ವೇಲ್ಸನ್ನು ಇಂಗ್ಲೆಂಡಿನ ಆಡಳಿತಕ್ಕೆ ಸೇರಿಸಿದ ಮೇಲೆ ಕಚೇರಿಯ ದಫ್ತರಕ್ಕೆ ನಿಂತ ಹೆಸರು ಬೇಕಾಯಿತು. ಮೊದಲು ಜಮೀನ್ದಾರರು ಒಪ್ಪಿದರು. ಕೆಲವು ಹಳ್ಳಿಗಳಲ್ಲಿ ಹಳೆಯ ಪದ್ಧತಿ 19ನೇ ಶತಮಾನದವರೆಗೂ ನಡೆಯಿತು. ಜಾನ್ ಎಂಬ ಹೆಸರಿನವರು ಊರಿಗೆ ಹತ್ತಾರು ಮಂದಿ, ಹಾಗಾಗಿ ಎಲ್ಲೆಲ್ಲೂ ಜೋನ್ಸ್‌ಗಳು. ಕೊನೆಯ ಸಕಾರ ಇಂಗ್ಲಿಷಿನ ಷಷ್ಠಿ. ಜಾನನ ಮಗ, ಅಷ್ಟೇ. ವೆಲ್ಶ್ ವರ್ಣಮಾಲೆಯಲ್ಲಿ ಹಿಂದೆ ‘ಜೆ’ ಅಕ್ಷರವೇ ಇರಲಿಲ್ಲ. ಆ ನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಹೆಸರು ಶುರುವಾಗುವುದೇ ಅದರಿಂದ. ಎರವಲು ಎಂದರೆ ಹೀಗೆ, ಮನೆ ಬಾಗಿಲಿನ ಹೆಸರನ್ನೂ ಬಿಡುವುದಿಲ್ಲ. ದಯವಿಟ್ಟು ‘ಪಿತೃನಾಮ’ ತರಬೇಡಿ.

ಮರು: ಮರು: ಜೋನ್ಸ್
ಐರಿಷಿನ ‘ಮ್ಯಾಕ್’ ನಮ್ಮ ‘ಮಗ’ನೇ ಅಲ್ಲವೇ? ‘ಅಪ್’ ನಮ್ಮ ‘ಅಪ್ಪ’!

ಮರು: ಮರು: ಮರು: ಜೋನ್ಸ್
ಅಲ್ಲ. ‘ಮ್ಯಾಕ್’ ಮತ್ತು ‘ಮಪ್’ ಒಂದೇ ಕೆಲ್ಟಿಕ್ (ಐರಿಷ್, ವೆಲ್ಶ್ ಸೇರಿದ ಭಾಷಾಕುಟುಂಬ) ಮೂಲದವು, ಐರಿಷ್ ಕಡೆ ಕಕಾರ, ವೆಲ್ಶ್ ಕಡೆ ಪಕಾರ. ನಮಗೂ ಅದಕ್ಕೂ ಸಂಬಂಧವಿಲ್ಲ.

ರಾಯರೇ, ನಿಮ್ಮ ‘ತಂದೆವೆಸರು’ ಕೂಡ ಇಲ್ಲಿ ನಿಲ್ಲದು. ಈ ಗಣಿತಜ್ಞರ ಮಗನೇ 1784ರಲ್ಲಿ ಕಲ್ಕತ್ತೆಯಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿದ ಸರ್ ವಿಲಿಯಂ ಜೋನ್ಸ್. ಹಳೆಯ ಲೆಕ್ಕದಲ್ಲಿ ಆತ ‘ಅಪ್ ವಿಲಿಯಂ’ ಆಗಬೇಕಿತ್ತು. ತಾತನ ಹೆಸರು ಅವನಲ್ಲಿಗೆ ಬರುವಷ್ಟರಲ್ಲಿ ಹೆಪ್ಪುಗಟ್ಟಿತ್ತು. ಹೆಪ್ಪುಗಟ್ಟಿದ ಹೆಸರಿಗೆ ಧಾರವಾಡದವರು ಅಡ್ಡಹೆಸರು ಎನ್ನುತ್ತಾರೆ. ಬದುಕಿರುವ ಪದ ಇರುವಾಗ ಹೊಸೆದ ಪದ ಯಾಕೆ? ಎಲ್ಲ ಸಂಸ್ಕೃತವನ್ನೂ ಓಡಿಸುವ ಹಟ, ನಮ್ಮದೇ ಉತ್ತರದ ಪದಕ್ಕೆ ಮಾತ್ರ ಜಾಗವಿಲ್ಲ!

ಮರು: ಜೋನ್ಸ್
‘ಅಡ್ಡಹೆಸರು’ ಉಳಿಸಿಕೊಂಡೆ. ಮೊದಲ ಸಲ ಬರುವಲ್ಲಿ ‘ತಂದೆ ಶೋನ್‌ನಿಂದ ಬಂದ ಅಡ್ಡಹೆಸರು’ ಎಂದು ಬಿಡಿಸಿದ್ದೇನೆ. ಶೋನ್ ಎಂದರೆ ಜಾನ್ ಎಂದೂ ಸೇರಿಸಿದೆ.