ಪಿಡಿ-1 ಇರುವ ಕೋಶಗಳಲ್ಲೇ ಎಚ್‌ಐವಿ ಡಿಎನ್‌ಎ ಸೊನ್ನೆ: ಎಲ್ಲಿ ಕೆಡುತ್ತಿದೆ?

ಶೀತಲ_ಪೆಟ್ಟಿಗೆ: ತಲೆ ಕೆಟ್ಟು ಬರೆಯುತ್ತಿದ್ದೇನೆ. ಹುಟ್ಟಿನಿಂದಲೇ ಎಚ್‌ಐವಿ ಇರುವ ಮಕ್ಕಳ ಮಾದರಿಗಳು. ಎಲ್ಲರೂ ಎಆರ್‌ಟಿಯಲ್ಲಿ (ಎಚ್‌ಐವಿ ತಡೆಯುವ ಔಷಧಿಗಳಲ್ಲಿ) ಇದ್ದಾರೆ, ವೈರಲ್ ಲೋಡ್ ಅಳತೆಗೆ ಸಿಗದಷ್ಟು ಕಡಿಮೆ. ಎಚ್‌ಐವಿ ಅಡಗುವ ಸಿಡಿ4 ಟಿ ಕೋಶಗಳನ್ನು, ಮೇಲ್ಮೈಯಲ್ಲಿ ಪಿಡಿ-1 ಎಂಬ ಪ್ರೋಟೀನ್ (ಮಾರ್ಕರ್) ಇರುವವು, ಇಲ್ಲದವು ಎಂದು ಯಂತ್ರದಲ್ಲಿ ಸಾರ್ಟ್ ಮಾಡಿ (ಬೇರ್ಪಡಿಸಿ), ಅವುಗಳಲ್ಲಿನ ವೈರಸ್ ಡಿಎನ್‌ಎಯನ್ನು ಡಿಡಿಪಿಸಿಆರ್‌ನಲ್ಲಿ (ಡಿಎನ್‌ಎ ಪ್ರತಿಗಳನ್ನು ಎಣಿಸುವ ವಿಧಾನ) ಎಣಿಸುತ್ತಿದ್ದೇನೆ. ಪಿಡಿ-1, ಅದರಂಥವೇ ಆದ ಟಿಜಿಟ್, ಲ್ಯಾಗ್-3 ಇರುವ ಕೋಶಗಳಲ್ಲಿ ವೈರಸ್ ಹೆಚ್ಚು ಅಡಗಿರುತ್ತದೆ ಎಂದು ವಯಸ್ಕರಲ್ಲಿ 2016ರಲ್ಲೇ ತೋರಿಸಿದ್ದಾರೆ. ನನಗೆ ಪಿಡಿ-1 ಗುಂಪಿನಲ್ಲಿ ಸೊನ್ನೆಯ ಮೇಲೆ ಸೊನ್ನೆ, ಇಲ್ಲದ ಗುಂಪಿನಲ್ಲಿ ವೈರಸ್! ಪ್ರೋಟೊಕಾಲ್ ಎಲ್ಲರೂ ಮಾಡುವಂಥದ್ದೇ.

ಗೇಟಿಂಗ್_ಗುರು: ಪಿಡಿ-1 ಗುರುತಿಸುವ ಪ್ರತಿಕಾಯ ಯಾವ ಕ್ಲೋನ್ (ಯಾವ ತಳಿ)? ಎಫ್‌ಎಂಒ (ಒಂದು ಬಣ್ಣ ಬಿಟ್ಟು ಉಳಿದೆಲ್ಲ ಹಾಕಿದ ಹೋಲಿಕೆ ಟ್ಯೂಬ್) ಇಟ್ಟಿದ್ದೀರಾ? ನೂರಕ್ಕೆ ತೊಂಬತ್ತು ಸಲ ಗೇಟ್‌ನದೇ (ಗುಂಪುಗಳ ನಡುವೆ ಎಳೆಯುವ ಗೆರೆಯದೇ) ತಪ್ಪು.

ಶೀತಲ_ಪೆಟ್ಟಿಗೆ: ಕ್ಲೋನ್ ಇಎಚ್12.2ಎಚ್7, ಬಣ್ಣ ಬಿವಿ421. ಎಫ್‌ಎಂಒ ಇಡದೆ ಯಾರು ಸಾರ್ಟ್ ಮಾಡುತ್ತಾರೆ ಸರ್?

ಗೇಟಿಂಗ್_ಗುರು: ಬಹಳ ಜನ ಮಾಡುತ್ತಾರೆ. ಸತ್ತ ಕೋಶಗಳನ್ನು ಗುರುತಿಸುವ ಬಣ್ಣವೂ ವಯಲೆಟ್ ಲೇಸರ್‌ನದೇ ಆಗಿದ್ದರೆ ಅದು ಬಿವಿ421ರೊಳಗೆ ಸೋರಿ, ಸತ್ತ ಕೋಶವೇ ಪಿಡಿ-1 ಎಂದು ಕಾಣುತ್ತದೆ. ಸಾರ್ಟ್‌ನ ಪ್ಲಾಟ್ (ಕೋಶಗಳ ಹರಡಿಕೆಯ ಚಿತ್ರ) ಹಾಕಿ.

ಕಡಲತಡಿ_ಲ್ಯಾಬ್: ರಕ್ತ ತೆಗೆದದ್ದು ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಹಾಕುವ ವಸ್ತು) ಟ್ಯೂಬಿನಲ್ಲಿ ಇರಬೇಕು. ಹೆಪಾರಿನ್ ಪಿಸಿಆರ್ ಅನ್ನು ತಡೆಯುತ್ತದೆ.

ಗೇಟಿಂಗ್_ಗುರು: ಫೈಕಾಲ್ (ರಕ್ತದಿಂದ ಕೋಶ ಬೇರ್ಪಡಿಸುವ ದ್ರವ), ತೊಳೆತ, ಸಾರ್ಟ್, ಡಿಎನ್‌ಎ ಶುದ್ಧಿ ಮಾಡುವ ಕಾಲಮ್ ಎಲ್ಲ ದಾಟಿ ಯಾವ ಹೆಪಾರಿನ್ ಉಳಿಯುತ್ತದೆ? ಉಳಿದಿದ್ದರೂ ಎರಡು ಗುಂಪಿನಲ್ಲೂ ಉಳಿಯಬೇಕಲ್ಲವೇ?

ಕಡಲತಡಿ_ಲ್ಯಾಬ್: ಉಳಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೆಪಾರಿನ್ ಬದಲು ಇಡಿಟಿಎ ಟ್ಯೂಬ್ ಬಳಸಿ, ನೆಮ್ಮದಿಯಾಗಿರಿ.

ಐದು_ಲೇಸರ್: ನಮ್ಮ ಹೊಸ ಸ್ಪೆಕ್ಟ್ರಲ್ ಯಂತ್ರದಲ್ಲಿ ಒಂದೇ ಟ್ಯೂಬಿನಲ್ಲಿ ಮೂವತ್ತು ಬಣ್ಣ ಓಡಿಸುತ್ತೇವೆ. ಸೋರಿಕೆಯ ಗೋಳೇ ಇಲ್ಲ. ಪಿಡಿ-1 ಬಿಟ್ಟು ಸಿಡಿ32ಎ ಎಂಬ ಮಾರ್ಕರ್ ನೋಡಬಹುದಲ್ಲ?

ಪೈಪೆಟ್_ಪುಟ್ಟಮ್ಮ: ಸಿಡಿ32ಎ ಇರುವ ಕೋಶಗಳಲ್ಲಿ ವೈರಸ್ ಅಡಗಿರುತ್ತದೆ ಎಂಬ ಕಥೆ 2017ರಲ್ಲಿ ಅಬ್ಬರದಿಂದ ಬಂದು ಮರುವರ್ಷವೇ ಸೊರಗಿತು. ಅಂಥ ಕೋಶಗಳಲ್ಲಿ ಬಹಳಷ್ಟು ಬಿ ಕೋಶಕ್ಕೆ ಅಂಟಿದ ಟಿ ಕೋಶಗಳು ಎಂದು ಬೇರೆಯವರು ತೋರಿಸಿದರು. ಅದಿರಲಿ. ಪ್ರತಿ ಗುಂಪಿನಿಂದ ಎಷ್ಟು ಕೋಶಗಳ ಡಿಎನ್‌ಎ ಹಾಕಿದ್ದೀರಿ? ಮಕ್ಕಳ ವಯಸ್ಸೆಷ್ಟು? ಎಆರ್‌ಟಿ ಯಾವಾಗ ಶುರುವಾಯಿತು?

ಶೀತಲ_ಪೆಟ್ಟಿಗೆ: ಮಕ್ಕಳ ರಕ್ತ ಎಂದ ಮೇಲೆ ಅದು ಗೊತ್ತಿರುವುದೇ ಅಲ್ಲವೇ ಮೇಡಂ? 3 ಎಂಎಲ್‌ಗಿಂತ ಹೆಚ್ಚು ತೆಗೆಯಲು ಎಥಿಕ್ಸ್ ಸಮಿತಿಯ ಒಪ್ಪಿಗೆಯಿಲ್ಲ. ಫ್ರೀಜ್ ಮಾಡಿದ ಪಿಬಿಎಂಸಿ (ರಕ್ತದಿಂದ ಬೇರ್ಪಡಿಸಿದ ಬಿಳಿ ಕೋಶಗಳು). ಪಿಡಿ-1 ಗುಂಪು ಸುಮಾರು 20,000, ಇನ್ನೊಂದು 4 ಲಕ್ಷ. ವಯಸ್ಸು 1ರಿಂದ 13. ಸೊನ್ನೆ ಬಂದವರಲ್ಲಿ ಹೆಚ್ಚಿನವರಿಗೆ ಮೊದಲ ಕೆಲವು ತಿಂಗಳಲ್ಲೇ ಎಆರ್‌ಟಿ ಶುರುವಾಗಿದೆ.

ಪೈಪೆಟ್_ಪುಟ್ಟಮ್ಮ: ಹಾಗಿದ್ದರೆ ಯಂತ್ರವನ್ನು ಬೈಯಬೇಡಿ, ಲೆಕ್ಕ ಹಾಕಿ. ಬೇಗ ಎಆರ್‌ಟಿ ಪಡೆದ ಮಗುವಿಗೆ 10 ಲಕ್ಷ ಸಿಡಿ4ಗೆ ವೈರಸ್ ಡಿಎನ್‌ಎಯ 10 ಪ್ರತಿ (ಕಾಪಿ) ಎಂದಿಟ್ಟುಕೊಳ್ಳಿ. 20,000 ಕೋಶಕ್ಕೆ ಸರಾಸರಿ 0.2 ಪ್ರತಿ. ಪಾಯ್ಸಾನ್ ಸೂತ್ರದ (ಅಪರೂಪದ ಘಟನೆಗಳ ಸಾಧ್ಯತೆಯ ಲೆಕ್ಕ) ಪ್ರಕಾರ ಸೊನ್ನೆ ಬರುವ ಸಾಧ್ಯತೆ ಶೇಕಡಾ 82. ಪಿಡಿ-1 ಕೋಶಗಳಲ್ಲಿ ವೈರಸ್ ಮೂರು ಪಟ್ಟು ಇದ್ದರೂ ಶೇಕಡಾ 55. ಅದೇ 4 ಲಕ್ಷ ಕೋಶದಲ್ಲಿ ಸರಾಸರಿ 4 ಪ್ರತಿ, ಸೊನ್ನೆಯ ಸಾಧ್ಯತೆ ಶೇಕಡಾ 2ಕ್ಕಿಂತ ಕಡಿಮೆ. ಒಂದು ಹಿಡಿ ಅಕ್ಕಿಯಲ್ಲಿ ಕಲ್ಲು ಸಿಗಲಿಲ್ಲವೆಂದು ಮೂಟೆಯೇ ಶುದ್ಧ ಎನ್ನಲಾಗುವುದಿಲ್ಲ. ‘ಸೊನ್ನೆ’ ಎಂದು ಬರೆಯದೆ ‘20,000ದಲ್ಲಿ ಒಂದಕ್ಕಿಂತ ಕಡಿಮೆ’ ಎಂದು ಬರೆಯಿರಿ.

ಅಮೆರಿಕದ ಮಿಸಿಸಿಪಿಯಲ್ಲಿ ಎಚ್‌ಐವಿಯೊಂದಿಗೆ ಹುಟ್ಟಿದ ಆ ಮಗು ನೆನಪಿದೆಯೇ? ಹುಟ್ಟಿದ ಸುಮಾರು 30 ಗಂಟೆಗಳಲ್ಲಿ ಚಿಕಿತ್ಸೆ, ಆಮೇಲೆ ಔಷಧಿಯೇ ಇಲ್ಲದೆ 27 ತಿಂಗಳು ವೈರಸ್ ಕಾಣಲಿಲ್ಲ. 2014ರಲ್ಲಿ ಮರಳಿ ಬಂತು.

ಇನ್ನೊಂದು ಮಾತು. ಚಿಕ್ಕ ಮಕ್ಕಳ ಸಿಡಿ4ಗಳಲ್ಲಿ ಬಹುಪಾಲು ನೈವ್ (ಇನ್ನೂ ರೋಗಾಣುವನ್ನು ಎದುರಿಸದ) ಕೋಶಗಳು, ಅವುಗಳಲ್ಲಿ ಪಿಡಿ-1 ಕಡಿಮೆ. ಅವುಗಳಲ್ಲೂ ವೈರಸ್ ಇರುತ್ತದೆ. ಮೊದಲು ಸಿಡಿ45ಆರ್‌ಎ, ಸಿಸಿಆರ್7 ಮಾರ್ಕರ್‌ಗಳನ್ನು ನೋಡಿ ನೈವ್, ಮೆಮೊರಿ (ರೋಗಾಣುವನ್ನು ಎದುರಿಸಿ ನೆನಪಿಟ್ಟ) ಕೋಶಗಳನ್ನು ಬೇರ್ಪಡಿಸಿ, ಮೆಮೊರಿಯೊಳಗೆ ಮಾತ್ರ ಪಿಡಿ-1 ಹೋಲಿಸಿ. ಇಲ್ಲವಾದರೆ ನೀವು ಅಳೆಯುತ್ತಿರುವುದು ವಯಸ್ಸನ್ನು.

ಶೀತಲ_ಪೆಟ್ಟಿಗೆ: ಇನ್ನೂ ಬೇರ್ಪಡಿಸಿದರೆ ಪಿಡಿ-1 ಗುಂಪಿನಲ್ಲಿ 20,000 ಕೂಡ ಉಳಿಯುವುದಿಲ್ಲವಲ್ಲ ಮೇಡಂ!

ಪೈಪೆಟ್_ಪುಟ್ಟಮ್ಮ: ಉಳಿಯುವುದಿಲ್ಲ. ಹಾಗಾಗಿ ಚಿಕ್ಕವರಲ್ಲಿ ಸಾರ್ಟ್ ಬಿಡಿ. ಇಡೀ ಸಿಡಿ4ನಲ್ಲಿ ಡಿಎನ್‌ಎ ಎಣಿಸಿ, ಮಾರ್ಕರ್‌ಗಳನ್ನು ಪಕ್ಕದಲ್ಲಿ ಫ್ಲೋದಲ್ಲಿ (ಕೋಶ ಬೇರ್ಪಡಿಸದೆ ಬಣ್ಣ ಅಳೆಯುವ ವಿಧಾನ) ಮಾತ್ರ ನೋಡಿ. ಸಾರ್ಟ್ ದೊಡ್ಡ ಮಕ್ಕಳಿಗಿರಲಿ.

ಗೇಟಿಂಗ್_ಗುರು: ಲೆಕ್ಕ ಸರಿಯೇ. ಆದರೂ ಫ್ರೀಜ್ ಮಾಡಿದ ಕೋಶದಲ್ಲಿ ಮಾರ್ಕರ್ ಕುಗ್ಗಬಹುದು. ಪ್ಲಾಟ್ ಎಲ್ಲಿ?

ಐದು_ಲೇಸರ್: ನಮ್ಮ ಯಂತ್ರದ ಚಿತ್ರ ಹಾಕಲೇ?

ಕಡಲತಡಿ_ಲ್ಯಾಬ್: ಬೇಡ. ಶೀತಲ ಅವರೇ, ಪ್ರೈಮರ್‌ಗಳು (ಪಿಸಿಆರ್‌ನಲ್ಲಿ ವೈರಸ್ ಡಿಎನ್‌ಎಗೆ ಅಂಟುವ ಸಣ್ಣ ತುಣುಕುಗಳು) ಎಚ್‌ಐವಿಯ ಬಿ ಉಪವರ್ಗಕ್ಕೆ ಬರೆದವೇ? ಭಾರತದ ವೈರಸ್ ಬಹುಪಾಲು ಸಿ ಉಪವರ್ಗದ್ದು, ಒಂದೆರಡು ಅಕ್ಷರ ತಪ್ಪಿದರೂ ಎಣಿಕೆ ಇಳಿಯುತ್ತದೆ. ಹೋಲಿಕೆಗೆ ಬಳಸುವ, ಎಚ್‌ಐವಿ ಡಿಎನ್‌ಎ ಇರುವ 8ಇ5 ಲ್ಯಾಬ್ ಕೋಶ ಸರಿಯಾಗಿ ಬಂದರೆ ಅಷ್ಟಕ್ಕೇ ನಂಬಬೇಡಿ, ಅದು ಬಿ. ಜೊತೆಗೆ ಬೆಳೆಸುತ್ತ ಹೋದಂತೆ ಅವು ಪ್ರೊವೈರಸ್ (ಕೋಶದ ಡಿಎನ್‌ಎಗೆ ಸೇರಿದ ವೈರಸ್) ಕಳೆದುಕೊಳ್ಳುತ್ತವೆ.

ಶೀತಲ_ಪೆಟ್ಟಿಗೆ: ಪ್ರೈಮರ್ ಹಿಂದಿನ ವಿದ್ಯಾರ್ಥಿ ಬಿಟ್ಟುಹೋದದ್ದು, ಟ್ಯೂಬಿನ ಮೇಲೆ ‘ಗ್ಯಾಗ್ ಹೊಸದು’ (ಗ್ಯಾಗ್ ವೈರಸ್‌ನ ಒಂದು ಜೀನ್) ಎಂದಷ್ಟೇ ಇದೆ. ಸಿ ಉಪವರ್ಗದ ಪ್ರೈಮರ್ ಬಗ್ಗೆ ಬೇರೆ ಚರ್ಚೆ ತೆರೆದಿದ್ದೇನೆ. ದಯವಿಟ್ಟು ಅಲ್ಲಿ ಹೆಪಾರಿನ್ ತರಬೇಡಿ.